ಕೈಯಳತೆಯ ಹಿಡಿ: ಚನ್ನಪಟ್ಟಣದ ಬಳೆಯಿಂದ ಬೌಲಿಂಗ್ ಚೆಂಡಿನವರೆಗೆ

ಕೈಯಲ್ಲಿ ಹಿಡಿಯಬೇಕಾದ ಯಾವ ವಸ್ತುವೇ ಆಗಲಿ, ಅದರ ಹಿಡಿ ಕೈಯ ಅಳತೆಗೆ ಕೂಡಿಬರದಿದ್ದರೆ ಆ ಕೊರತೆಯನ್ನು ಸ್ನಾಯುಗಳು ತುಂಬಿಕೊಡಬೇಕಾಗುತ್ತದೆ. ಹಿಡಿ ಸಡಿಲವಾಗಿದ್ದಲ್ಲಿ ವಸ್ತು ಜಾರೀತೆಂಬ ಅಂಜಿಕೆಯಿಂದ ಬೆರಳುಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಬೆರಳು ಬಿಗಿದಾಗ ಅವನ್ನು ಮಡಿಸುವ ಸ್ನಾಯುಗಳಿರುವ ಮುಂಗೈ ಸೆಟೆಯುತ್ತದೆ, ಮುಂಗೈ ಸೆಟೆದಾಗ ಮಣಿಕಟ್ಟಿನ ಸರಾಗವಾದ ಚಲನೆ ತಪ್ಪುತ್ತದೆ, ಕೊನೆಗೆ ಕೆಲಸವೂ ಕೆಡುತ್ತದೆ, ಕೈಯೂ ನೋಯುತ್ತದೆ. ಏಳು ಕಿಲೋಗೂ ಮಿಗಿಲಾಗಿ ತೂಗಬಲ್ಲ ಚೆಂಡನ್ನು ಮೂರೇ ಬೆರಳುಗಳಲ್ಲಿ ಹಿಡಿದು, ತೋಳನ್ನು ತೂಗಿ, ನೆಲದ ಮೇಲೆ ಉರುಳಿಬಿಡುವ ಬೌಲಿಂಗ್ ಆಟದಲ್ಲಿ ಈ ನಂಟು ಎದ್ದು ಕಾಣುವಷ್ಟು ಬೇರೆ ಕಡೆ ಕಾಣುವುದು ಅಪರೂಪ. ಆ ಆಟ ಈ ನಾಡಿಗೆ ಹೊಸದಾದರೂ ಅದರ ಹಿಂದಿರುವ ಅಳತೆಯ ವಿವೇಕ ಹೊಸದಲ್ಲ. ಬಳೆ, ಗಿಲಕಿ, ಬುಗುರಿಗಳನ್ನು ಕಡೆಯುವ ಚನ್ನಪಟ್ಟಣದ ಕುಶಲಕರ್ಮಿಗಳು ಅದನ್ನು ತಲೆಮಾರುಗಳಿಂದ ಬಲ್ಲರು.

ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ರಾಮನಗರವನ್ನು ದಾಟಿ, ಸುಮಾರು 60 ಕಿಲೋಮೀಟರ್ ದೂರದಲ್ಲಿ ಸಿಗುವ ಚನ್ನಪಟ್ಟಣದ ಅರಗಿನ ಕೆಲಸದ ಇತಿಹಾಸವನ್ನು ಟಿಪ್ಪು ಸುಲ್ತಾನನ ಕಾಲದ ಪರ್ಷಿಯಾದ ಕುಶಲಕರ್ಮಿಗಳಿಂದ ಆರಂಭಿಸುವುದು ವಾಡಿಕೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜಪಾನಿನ ತಂತ್ರಗಳನ್ನು ಇಲ್ಲಿಗೆ ತಂದವರೆಂದು ಬಾವಾಸ್ ಮಿಯಾ ಅವರ ಹೆಸರನ್ನು ಊರಿನವರು ಗೌರವದಿಂದ ನೆನೆಯುತ್ತಾರೆ. ಈ ಶತಮಾನದ ಮೊದಲ ದಶಕದಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಒಂದು ಸೀಮೆಗೆ ವಿಶಿಷ್ಟವಾದ ಉತ್ಪನ್ನಕ್ಕೆ ಕಾನೂನು ಕೊಡುವ ಹೆಸರಿನ ರಕ್ಷಣೆ ದೊರೆಯಿತು. ಆದರೆ ಈ ಕೆಲಸದ ಬಗ್ಗೆ ಬರೆಯುವವರು ಬಹುಮಟ್ಟಿಗೆ ಬಣ್ಣದ ಬಳಿ ನಿಂತುಬಿಡುತ್ತಾರೆ, ಅಳತೆಯ ಬಳಿ ಬರುವುದಿಲ್ಲ. ಬಣ್ಣ ಕಣ್ಣಿಗೆ ಸಲ್ಲುವಂಥದ್ದು, ಅಳತೆ ಕೈಗೆ ಸಲ್ಲುವಂಥದ್ದು. ಕಡೆತದ ವಸ್ತುಗಳಲ್ಲಿ ಹೆಚ್ಚಿನವು ಕೈಯಲ್ಲಿ ಬಾಳುವಂಥವಾದ್ದರಿಂದ ಎರಡನೆಯದಕ್ಕೆ ಇನ್ನಷ್ಟು ಗಮನ ಸಲ್ಲಬೇಕು.

ಈ ಕೆಲಸಕ್ಕೆ ಮೂಲವಾಗಿ ಬಳಸುತ್ತಿದ್ದುದು ಆಲೆ ಮರ. ಮಾಗಡಿ, ಕನಕಪುರದ ಕಡೆಗಳಲ್ಲಿ ಕಾಣುವಂಥ ಒಣ ಎಲೆಯುದುರುವ ಕುರುಚಲು ಕಾಡುಗಳಲ್ಲಿ ಬೆಳೆಯುವ ಈ ಮರ ಬಿಳಿಯ ಬಣ್ಣದ್ದು, ಹಗುರವಾದದ್ದು, ಎಳೆಗಳು ಬಹಳ ಒತ್ತಾಗಿರುವಂಥದ್ದು. ಉಳಿ ತಾಗಿದಲ್ಲಿ ಸಿಬಿರೇಳದೆ ನುಣ್ಣಗೆ ಕಡೆದುಬರುತ್ತದೆ. ತುಂಡುಗಳನ್ನು ಕೆಲವು ಕಾಲ ಒಣಗಿಸಿ, ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವ ಮರಕ್ಕೆ ಉಳಿಯನ್ನು ಆನಿಸಿ ಆಕಾರ ಕೊಡಲಾಗುತ್ತದೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಅದು ಹತ್ತಿದ ಕೂಡಲೇ, ಊರಿನವರು ತಾಳೆ ಗರಿ ಎಂದು ಕರೆಯುವ, ಕೇದಗೆಯ ಜಾತಿಗೆ ಸೇರಿದ ಎಲೆಯನ್ನು ಮಡಿಸಿ ಮೇಲೆ ಒತ್ತಿ ಎಳೆದಾಗ, ದಪ್ಪ ತೆಳುವಾಗಿ ಕುಳಿತ ಅರಗು ಒಂದೇ ಸಮನಾಗಿ ಹರಡಿ ಹೊಳಪು ಪಡೆಯುತ್ತದೆ. ಬ್ರಷ್ಷಿನಲ್ಲಿ ಬಳಿದ ಬಣ್ಣಕ್ಕೂ ಇದಕ್ಕೂ ಕೈಗೆ ತಿಳಿಯುವ ವ್ಯತ್ಯಾಸವಿದೆ: ಕುಂಚದ ಗೆರೆಯಾಗಲಿ, ಬಣ್ಣ ಮಡುಗಟ್ಟಿದ ಉಬ್ಬಾಗಲಿ ಇರುವುದಿಲ್ಲ, ಹಿಡಿಯುವ ಬೆರಳಿಗೆ ಎಲ್ಲಿಯೂ ತಡೆ ಸಿಗುವುದಿಲ್ಲ.

ಹಿಡಿಯ ಅಳತೆಯನ್ನು ಅರಿಯಲು ಇಲ್ಲಿನ ಮರದ ಬಳೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಾರುಕಟ್ಟೆಯಲ್ಲಿ ಬಳೆಯ ಅಳತೆಯನ್ನು ಎರಡು ನಾಲ್ಕು, ಎರಡು ಆರು, ಎರಡು ಎಂಟು ಎಂದು ಹೇಳುತ್ತಾರೆ, 2.4, 2.6, 2.8 ಎಂದು ಬರೆಯುತ್ತಾರೆ. ನಡುವಿನ ಚುಕ್ಕೆಯನ್ನು ದಶಮಾಂಶದ ಚುಕ್ಕೆಯೆಂದು ಓದಬಾರದು. ಚುಕ್ಕೆಯ ನಂತರದ ಅಂಕಿ ಅಂಗುಲದ ಹದಿನಾರನೆಯ ಭಾಗಗಳನ್ನು ಸೂಚಿಸುತ್ತದೆ. ಆದ್ದರಿಂದ 2.4 ಎಂದರೆ ಎರಡು ಕಾಲು ಅಂಗುಲ, ಸುಮಾರು 57 ಮಿಲಿಮೀಟರ್ ಒಳವ್ಯಾಸ, 2.6 ಎಂದರೆ ಸುಮಾರು 60 ಮಿಲಿಮೀಟರ್. ಎರಡರ ನಡುವಣ ಅಂತರ ಮೂರು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು, ಆದರೂ ಒಂದು ಕೈಗೆ ಏರುವ ಬಳೆ ಇನ್ನೊಂದು ಕೈಗೆ ಏರದಂತೆ ಮಾಡಲು ಅಷ್ಟು ಸಾಕು. ಇದರಲ್ಲಿ ಗಮನಿಸಬೇಕಾದುದು ಬಳೆಗಾರರು ಯಾವ ಭಾಗವನ್ನು ಅಳೆಯುತ್ತಾರೆ ಎಂಬುದು. ಬಳೆ ನಿಲ್ಲುವ ಜಾಗ ಮಣಿಕಟ್ಟು, ಆದರೆ ಅಳತೆಗೆ ಸಿಗುವುದು ಮಣಿಕಟ್ಟಲ್ಲ; ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಉಳಿದ ಬೆರಳುಗಳನ್ನು ಒತ್ತಾಗಿ ಜೋಡಿಸಿದಾಗ ಗೆಣ್ಣುಗಳ ಬಳಿ ಕೈ ಎಷ್ಟು ಅಗಲವಾಗಿರುತ್ತದೆಯೋ ಅದೇ ನಿಜವಾದ ಅಳತೆ. ಅತಿ ಅಗಲವಾದ ಭಾಗ ಉಜ್ಜದೆ ದಾಟಬೇಕು, ದಾಟಿದ ಮೇಲೆ ಕಿರಿದಾದ ಭಾಗದಲ್ಲಿ ಬಳೆ ತೀರ ಅಲುಗಾಡಬಾರದು.

ಮರದ ಬಳೆಯಲ್ಲಿ ಇನ್ನೊಂದು ತೊಡಕಿದೆ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಮರದ ವಾರ್ಷಿಕ ಉಂಗುರಗಳ ಸುತ್ತಿನ ಉದ್ದಕ್ಕೆ ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ, ಎಳೆಯ ಉದ್ದಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟು ಅಲ್ಪ. ಹೀಗಾಗಿ ಹಸಿ ಮರದಲ್ಲಿ ದುಂಡಗೆ ಕಡೆದ ಬಳೆ ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗಿ, ಒಂದು ದಿಕ್ಕಿನಲ್ಲಿ 2.6 ಇದ್ದದ್ದು ಇನ್ನೊಂದು ದಿಕ್ಕಿನಲ್ಲಿ 2.4ರ ಹತ್ತಿರಕ್ಕೆ ಬಂದುಬಿಡಬಹುದು. ಮರವನ್ನು ಹದವಾಗಿ ಒಣಗಿಸಬೇಕೆಂಬ ನಿಯಮಕ್ಕೆ ಬಿರುಕು ತಪ್ಪಿಸುವುದಷ್ಟೇ ಕಾರಣವಲ್ಲ, ಬಳೆ ಕೈಗೆ ಕೂಡುವ ವಿಚಾರವೂ ಅದರಲ್ಲಿ ಸೇರಿದೆ.

ಬಳೆ ಬೆಳೆದವರ ಕೈಯದಾದರೆ ಗಿಲಕಿ ಎಳೆಯ ಕೂಸಿನದು. ಹುಟ್ಟಿದ ಮಗುವಿನ ಅಂಗೈಗೆ ಏನನ್ನೇ ಮುಟ್ಟಿಸಿದರೂ ಬೆರಳುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ವೈದ್ಯಶಾಸ್ತ್ರದಲ್ಲಿ ಹಿಡಿತದ ಅನೈಚ್ಛಿಕ ಪ್ರತಿಕ್ರಿಯೆ ಎನಿಸಿಕೊಳ್ಳುವ ಇದು ಮೊದಲ ಐದಾರು ತಿಂಗಳಲ್ಲಿ ಮರೆಯಾಗಿ, ಅದರ ಜಾಗದಲ್ಲಿ ಬೇಕೆಂದು ಹಿಡಿಯುವ, ಬೇಡವೆಂದು ಬಿಡುವ ಶಕ್ತಿ ಬರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳಲ್ಲಿ ಚಿಕ್ಕದನ್ನು ಎತ್ತಿಕೊಳ್ಳುವುದು ಒಂಬತ್ತು ಹತ್ತು ತಿಂಗಳ ಹೊತ್ತಿಗೆ. ಆದ್ದರಿಂದ ಮೊದಲ ಗಿಲಕಿಯ ನಡುಗಂಬ ಕೂಸಿನ ಬೆರಳುಗಳು ಸುತ್ತಿ ಬರುವಷ್ಟು ತೆಳುವಾಗಿರಬೇಕು, ಎರಡು ತುದಿಯ ಗುಂಡುಗಳು ಬಾಯೊಳಕ್ಕೆ ಆಳವಾಗಿ ಹೋಗದಷ್ಟು ದೊಡ್ಡದಾಗಿರಬೇಕು. ಆಟಿಕೆಗಳ ಸುರಕ್ಷತೆಯ ಪರೀಕ್ಷೆಯಲ್ಲಿ ಇದಕ್ಕಾಗಿ ಅಚ್ಚುಗಳೇ ಇವೆ: ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿ ಭಾಗವೂ 31.7 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಪೂರ್ತಿ ಅಡಗಿಹೋಗಬಾರದು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಗುರುತು ಕಡ್ಡಾಯವಾದಾಗ ನೋಂದಾಯಿತ ಕರಕುಶಲಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ವಿನಾಯಿತಿ ದೊರೆತದ್ದು ಸಣ್ಣ ಕಾರ್ಖಾನೆಗಳ ಪಾಲಿಗೆ ದೊಡ್ಡ ಆಸರೆ. ವಿನಾಯಿತಿ ಇರುವುದು ಕಾಗದಪತ್ರದ ಹೊರೆಗೆ. ಕೂಸಿನ ಗಂಟಲಿನ ಅಳತೆಗೆ ವಿನಾಯಿತಿ ಇಲ್ಲವೆಂಬುದನ್ನು ಒಳ್ಳೆಯ ಕಸಬುದಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚನ್ನಪಟ್ಟಣದ ಅಂಗಡಿಗಳಲ್ಲಿ ಬುಗುರಿಗಳ ಪಕ್ಕದಲ್ಲಿಯೇ ಮರದ ಬೌಲಿಂಗ್ ಸೆಟ್ಟು ಕೂಡ ಸಿಗುತ್ತದೆ: ಬಣ್ಣಬಣ್ಣದ ಕೆಲವು ಪುಟ್ಟ ಕಂಬಗಳು, ಅವನ್ನು ಉರುಳಿಸಲು ಒಂದೆರಡು ಚೆಂಡು. ಆ ಚೆಂಡಿಗೆ ರಂಧ್ರವಿಲ್ಲ, ಮಗು ಅದನ್ನು ಅಂಗೈಯಲ್ಲಿ ತುಂಬಿಕೊಂಡು ಉರುಳಿಸುತ್ತದೆ. ದೊಡ್ಡವರ ಆಟದ ಮೂಲರೂಪವೂ ಹೀಗೆಯೇ ಇತ್ತು. ಮೊದಲು ರಂಧ್ರಗಳಿಲ್ಲದ ಮರದ ಚೆಂಡು, ಆಮೇಲೆ ಹೆಬ್ಬೆರಳಿಗೂ ನಡುಬೆರಳಿಗೂ ಎರಡು ರಂಧ್ರ, ಅದಾದ ಮೇಲೆ ಉಂಗುರಬೆರಳಿಗೆ ಮೂರನೆಯದು. ಅಮೆರಿಕದಲ್ಲಿ 1895ರಲ್ಲಿ ಆಟದ ನಿಯಮಗಳನ್ನು ಒಂದುಗೂಡಿಸುವ ಸಂಘ ಹುಟ್ಟಿದ ಕಾಲಕ್ಕೆ ಚೆಂಡುಗಳನ್ನು ನೀರಿನಲ್ಲಿ ಮುಳುಗುವಷ್ಟು ಗಟ್ಟಿಯಾದ ಲಿಗ್ನಮ್ ವೀಟೇ ಎಂಬ ಮರದಲ್ಲಿ ಕಡೆಯುತ್ತಿದ್ದರು. 1905ರ ಹೊತ್ತಿಗೆ ಗಟ್ಟಿ ರಬ್ಬರಿನ ಚೆಂಡು ಬಂತು, ನಂತರದ ದಶಕಗಳಲ್ಲಿ ಪ್ಲಾಸ್ಟಿಕ್ಕು, ರಾಳಗಳು ಬಂದವು. ಇಂದಿನ ಚೆಂಡಿನ ವ್ಯಾಸ ಸುಮಾರು ಎಂಟೂವರೆ ಅಂಗುಲ, ಗರಿಷ್ಠ ತೂಕ 16 ಪೌಂಡು ಅಂದರೆ 7.26 ಕಿಲೋ, ಚೆಂಡು ಬಿಡುವವರು ದಾಟಬಾರದ ಗೆರೆಯಿಂದ ಮೊದಲ ಕಂಬಕ್ಕಿರುವ ದೂರ 60 ಅಡಿ.

ಈ ಚೆಂಡಿನ ಹಿಡಿಯಲ್ಲಿ ಮೊದಲು ನೋಡಬೇಕಾದುದು ಗೇಣಳತೆ, ಅಂದರೆ ಹೆಬ್ಬೆರಳಿನ ರಂಧ್ರದ ಅಂಚಿನಿಂದ ಬೆರಳಿನ ರಂಧ್ರದ ಅಂಚಿನವರೆಗಿನ ದೂರ. ಹೊಸಬರು ಬಳಸುವ ಸಾಂಪ್ರದಾಯಿಕ ಹಿಡಿಯಲ್ಲಿ ನಡುಬೆರಳು, ಉಂಗುರಬೆರಳುಗಳು ಎರಡನೆಯ ಗೆಣ್ಣಿನವರೆಗೆ ಒಳಗೆ ಹೋಗುತ್ತವೆ. ಪಳಗಿದ ಆಟಗಾರರು ಬಳಸುವ ಬೆರಳತುದಿಯ ಹಿಡಿಯಲ್ಲಿ ಮೊದಲ ಗೆಣ್ಣಿನವರೆಗೆ ಮಾತ್ರ ಹೋಗುವುದರಿಂದ ಗೇಣಳತೆ ಇನ್ನೂ ಅಗಲವಾಗಿ, ಬಿಡುವ ಗಳಿಗೆಯಲ್ಲಿ ಬೆರಳುಗಳು ಚೆಂಡಿಗೆ ಹೆಚ್ಚಿನ ಸುತ್ತು ಕೊಡಬಲ್ಲವು. ಸಾಂಪ್ರದಾಯಿಕ ಹಿಡಿಯನ್ನು ಪರೀಕ್ಷಿಸುವ ಬಗೆ ಸುಲಭ: ಹೆಬ್ಬೆರಳನ್ನು ಬುಡದವರೆಗೆ ರಂಧ್ರಕ್ಕಿಳಿಸಿ, ಉಳಿದ ಎರಡು ಬೆರಳುಗಳನ್ನು ಒಳಗಿಡದೆ ಅವುಗಳ ರಂಧ್ರಗಳ ಮೇಲೆ ಚಾಚಿ ಮಲಗಿಸಿದಾಗ, ಎರಡನೆಯ ಗೆಣ್ಣಿನ ಒಳಗೆರೆಯು ರಂಧ್ರದ ಹತ್ತಿರದ ಅಂಚನ್ನು ಸುಮಾರು ಕಾಲು ಅಂಗುಲದಷ್ಟು ದಾಟಿರಬೇಕು. ಗೆರೆ ಅಂಚಿನವರೆಗೂ ಬಾರದಿದ್ದರೆ ಗೇಣಳತೆ ಅತಿಯಾಗಿ, ಹೆಬ್ಬೆರಳಿನ ಬುಡ ಎಳೆದುಕೊಳ್ಳುತ್ತದೆ. ಗೆರೆ ತೀರ ಮುಂದೆ ಹೋಗಿದ್ದರೆ ಗೇಣಳತೆ ಕಡಿಮೆಯಾಗಿ, ಅಂಗೈ ಚೆಂಡಿನಿಂದ ಮೇಲೆದ್ದು, ಆಟಗಾರರು ಹೆಬ್ಬೆರಳನ್ನು ಮಡಿಸಿ ಚೆಂಡನ್ನು ಚಿವುಟಿ ಹಿಡಿಯಬೇಕಾಗುತ್ತದೆ. ಹೊರನೋಟಕ್ಕೆ ಅಗಲವಾದ ಗೇಣೇ ಕಷ್ಟಕರವೆಂದು ತೋರಿದರೂ ಗಿಡ್ಡ ಗೇಣು ಮಾಡುವ ಹಾನಿ ಕಡಿಮೆಯದಲ್ಲ, ಏಕೆಂದರೆ ಚಿವುಟುವ ಅಭ್ಯಾಸ ಒಮ್ಮೆ ಕೂತರೆ ಸರಿಯಾದ ಚೆಂಡು ಸಿಕ್ಕ ಮೇಲೂ ಬಿಟ್ಟುಹೋಗುವುದು ತಡ.

ಎರಡನೆಯದು ರಂಧ್ರದ ಅಗಲ. ಇಲ್ಲಿ ಬಳೆಯ ನ್ಯಾಯವೇ ಮರಳಿ ಬರುತ್ತದೆ, ಆದರೆ ಅಳತೆ ಇನ್ನೂ ಸೂಕ್ಷ್ಮ. ಬಳೆಯ ಅಳತೆ ಅಂಗುಲದ ಹದಿನಾರನೆಯ ಭಾಗಗಳಲ್ಲಿ ನಡೆದರೆ ಚೆಂಡಿನ ರಂಧ್ರವನ್ನು ಅಂಗುಲದ ಅರವತ್ತನಾಲ್ಕನೆಯ ಭಾಗದ, ಅಂದರೆ ಸುಮಾರು 0.4 ಮಿಲಿಮೀಟರಿನ ಅಂತರದಲ್ಲಿ ಕೊರೆಯುತ್ತಾರೆ. ಹೆಬ್ಬೆರಳಿನ ಗೆಣ್ಣು ಉಜ್ಜದೆ ಒಳಗಿಳಿಯಬೇಕು, ಇಳಿದ ಮೇಲೆ ಬೆರಳಿನ ಮೈ ಸುತ್ತಲೂ ರಂಧ್ರದ ಗೋಡೆಯನ್ನು ಹಗುರವಾಗಿ ಮುಟ್ಟುತ್ತಿರಬೇಕು, ತೋಳು ಮುಂದಕ್ಕೆ ತೂಗಿಬಂದ ಗಳಿಗೆಯಲ್ಲಿ ಯಾವ ಎಳೆತವೂ ಇಲ್ಲದೆ ಬೆರಳು ಹೊರಬರಬೇಕು. ಚೆಂಡನ್ನು ಬಿಡುವಾಗ ಹೆಬ್ಬೆರಳು ಮೊದಲು ಹೊರಬಂದು, ಕ್ಷಣಾರ್ಧದ ನಂತರ ಉಳಿದೆರಡು ಬೆರಳುಗಳು ಚೆಂಡನ್ನು ಮೇಲೆತ್ತುವಂತೆ ಹೊರಬರುತ್ತವೆ; ಚೆಂಡಿನ ತಿರುಗುವಿಕೆಯೆಲ್ಲ ಆ ಕ್ಷಣಾರ್ಧದಲ್ಲಿಯೇ ಹುಟ್ಟುವಂಥದ್ದು. ಹೆಬ್ಬೆರಳು ಸಿಕ್ಕಿಕೊಂಡರೆ ಚೆಂಡು ತಡವಾಗಿ ಎತ್ತರದಿಂದ ಬೀಳುತ್ತದೆ, ಸಡಿಲವಾಗಿದ್ದರೆ ಬೇಗನೆ ಜಾರಿಬೀಳುತ್ತದೆ.

ತೊಡಕೆಂದರೆ ಹೆಬ್ಬೆರಳಿನ ಗಾತ್ರ ದಿನವಿಡೀ ಒಂದೇ ಆಗಿರುವುದಿಲ್ಲ. ಬಿಸಿಲಿನಿಂದ ಬಂದ ಕೈ ಉಬ್ಬಿರುತ್ತದೆ, ಹವಾನಿಯಂತ್ರಿತ ಒಳಾಂಗಣದಲ್ಲಿ ಕುಗ್ಗುತ್ತದೆ, ಆಟ ಸಾಗಿದಂತೆ ಮತ್ತೆ ಊದಿಕೊಳ್ಳುತ್ತದೆ. ಇದಕ್ಕಾಗಿ ಆಟಗಾರರು ರಂಧ್ರದ ಒಳಗೋಡೆಗೆ ತೆಳುವಾದ ಅಂಟುಪಟ್ಟಿಗಳನ್ನು ಒಂದರ ಮೇಲೊಂದು ಹಚ್ಚಿ, ಬೆರಳು ಉಬ್ಬಿದಾಗ ಒಂದನ್ನು ಕಿತ್ತು, ಕುಗ್ಗಿದಾಗ ಇನ್ನೊಂದನ್ನು ಸೇರಿಸಿ ಅಳತೆಯನ್ನು ಸರಿದೂಗಿಸಿಕೊಳ್ಳುತ್ತಾರೆ. ಬಿಗಿ ಹಿಡಿಯುವುದಕ್ಕೆ ಬದಲಾಗಿ ಒಂದು ಪಟ್ಟಿ ಹಚ್ಚುವುದನ್ನು ಕಲಿತವರು ಆಟದ ಅರ್ಧದಷ್ಟು ಕಷ್ಟವನ್ನು ದಾಟಿದಂತೆಯೇ.

ಮೂರನೆಯದು ರಂಧ್ರದ ಓರೆ. ರಂಧ್ರವನ್ನು ಚೆಂಡಿನ ಕೇಂದ್ರಕ್ಕೆ ನೇರವಾಗಿ ಕೊರೆಯಬಹುದು, ಅಂಗೈಯ ಕಡೆಗೆ ಓರೆಯಾಗಿ ಕೊರೆಯಬಹುದು, ಅಂಗೈಯಿಂದ ಆಚೆಗೂ ಓರೆ ಮಾಡಬಹುದು. ಅಂಗೈಯ ಕಡೆಗಿನ ಓರೆ ಚೆಂಡನ್ನು ಹಿಡಿದಿಡಲು ಸಹಕಾರಿ, ಆಚೆಯ ಓರೆ ಬಿಡಲು ಸಹಕಾರಿ. ಯಾರಿಗೆ ಎಷ್ಟೆಂಬುದು ಹೆಬ್ಬೆರಳಿನ ಉದ್ದ, ಅದು ಹಿಂದಕ್ಕೆ ಬಾಗುವ ಬಗೆ, ಗೇಣಳತೆಯ ಅಗಲ ಇವನ್ನೆಲ್ಲ ಕೂಡಿಸಿ ತೀರ್ಮಾನವಾಗಬೇಕು. ರಂಧ್ರದ ಬಾಯಿಯ ಚೂಪನ್ನು ಉಜ್ಜಿ ದುಂಡಾಗಿಸುವುದು ಕೊನೆಯ ಕೆಲಸ. ಇದು ಅಲ್ಪವೆಂದು ತೋರಿದರೂ ಅಂಚು ಚೂಪಾಗಿಯೇ ಉಳಿದಲ್ಲಿ ಅದು ಹೆಬ್ಬೆರಳಿನ ಒಳಬದಿಯ ನರವನ್ನು ಪ್ರತಿ ಎಸೆತದಲ್ಲಿಯೂ ಒತ್ತಿ, ಕಾಲಕ್ರಮದಲ್ಲಿ ನರದ ಸುತ್ತ ನಾರುಗಟ್ಟಿ, ಜುಮ್ಮೆನ್ನುವಿಕೆ, ಮರಗಟ್ಟುವಿಕೆ ಆರಂಭವಾಗುತ್ತದೆ. ವೈದ್ಯರು ಇದನ್ನು ಬೌಲರನ ಹೆಬ್ಬೆರಳು ಎಂದೇ ಹೆಸರಿಸಿದ್ದಾರೆ. ಆಟಕ್ಕೆ ಬಿಡುವು ಕೊಟ್ಟು, ರಂಧ್ರವನ್ನು ಅಗಲಿಸಿ ಅಂಚು ತಿದ್ದಿದರೆ ಆರಂಭದ ಹಂತದಲ್ಲಿ ಇದು ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಕೈಯ ಜಡ್ಡುಗಳೂ ಅಳತೆಯ ದೋಷವನ್ನು ಓದಲು ನೆರವಾಗುತ್ತವೆ: ಹೆಬ್ಬೆರಳಿನ ಗೆಣ್ಣಿನ ಮೇಲುಗಡೆ ಜಡ್ಡುಗಟ್ಟಿದ್ದರೆ ಆ ಬೆರಳನ್ನು ಒಳಗೆ ಮಡಿಸಿ ಹಿಡಿಯಲಾಗುತ್ತಿದೆಯೆಂದೂ, ಬುಡದಲ್ಲಿ ಚರ್ಮ ಕಿತ್ತುಬರುತ್ತಿದ್ದರೆ ಗೇಣನ್ನು ಅಥವಾ ಓರೆಯನ್ನು ತಿದ್ದಬೇಕೆಂದೂ ತಿಳಿಯಬಹುದು.

ರಾಮನಗರ, ಕನಕಪುರಗಳಿಂದ ರಜೆಯ ದಿನ ಬೆಂಗಳೂರಿಗೆ ಹೋಗಿ ಈ ಆಟವಾಡುವ ತರುಣ ತರುಣಿಯರಿಗೆ ಸ್ವಂತ ಅಳತೆಯ ಚೆಂಡಿರುವುದಿಲ್ಲ. ಆಟದ ಮನೆಯಲ್ಲಿ ಸಾಲಾಗಿ ಇಟ್ಟಿರುವ ಸಾರ್ವಜನಿಕ ಚೆಂಡುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮೈತೂಕದ ಹತ್ತನೆಯ ಒಂದು ಪಾಲಿನಷ್ಟು ತೂಕದ ಚೆಂಡು ಹಿಡಿಯಬೇಕೆಂಬ ಲೆಕ್ಕ ಬಳಕೆಯಲ್ಲಿದೆ, ಅದರಂತೆ 60 ಕಿಲೋ ತೂಗುವವರಿಗೆ 13 ಪೌಂಡಿನದು ಆಗುತ್ತದೆ; ಹೊಸಬರು ಅದಕ್ಕಿಂತ ಒಂದೆರಡು ಪೌಂಡು ಕಡಿಮೆಯದರಿಂದ ತೊಡಗುವುದೇ ಲೇಸು. ಆದರೆ ಇಂಥ ಚೆಂಡುಗಳಲ್ಲಿ ಸಾಮಾನ್ಯವಾಗಿ ತೂಕ ಹೆಚ್ಚಿದಂತೆ ರಂಧ್ರವೂ ಗೇಣೂ ಹಿಗ್ಗುತ್ತವೆ. ಹೊಲದ ಕೆಲಸದಿಂದಲೋ ಕುಲದ ಕಸಬಿನಿಂದಲೋ ಬೆರಳು ದಪ್ಪವಾಗಿ, ತೋಳು ಮಾತ್ರ ಈ ತೂಗಾಟಕ್ಕೆ ಪಳಗದವರು ಬೆರಳಿಗೆ ಹೊಂದುವ ರಂಧ್ರವನ್ನು ಹುಡುಕುತ್ತ ತಾಳಲಾರದ ತೂಕಕ್ಕೆ ಹೋಗುತ್ತಾರೆ. ಅಂಥವರು ಒಂದೇ ತೂಕದ ಎಲ್ಲ ಚೆಂಡುಗಳನ್ನೂ ತಾಳ್ಮೆಯಿಂದ ಪರೀಕ್ಷಿಸಬೇಕು, ಏಕೆಂದರೆ ಒಂದೇ ತೂಕದಲ್ಲಿಯೂ ಕೊರೆತಗಳು ಬೇರೆಬೇರೆಯಾಗಿರುತ್ತವೆ. ಹೆಬ್ಬೆರಳಿನ ರಂಧ್ರ ಮೊದಲು, ಗೇಣು ಆಮೇಲೆ, ಬಣ್ಣ ಲೆಕ್ಕಕ್ಕೇ ಇಲ್ಲ.

ಹಿಡಿಯ ಅಳತೆ ಬಳೆ, ಚೆಂಡುಗಳನ್ನು ಬಳಸುವವರಿಗಷ್ಟೇ ಅಲ್ಲ, ಕಡೆಯುವವರ ಕೈಗೂ ಬೇಕು. ಕೈಯ ಹಿಡಿತವನ್ನು ಶಾಸ್ತ್ರೀಯವಾಗಿ ವಿಂಗಡಿಸಿದವರು ಜಾನ್ ನೇಪಿಯರ್ ಎಂಬ ಬ್ರಿಟಿಷ್ ಅಂಗರಚನಾ ಶಾಸ್ತ್ರಜ್ಞರು. ಸುತ್ತಿಗೆಯ ಕಾವನ್ನು ಅಂಗೈಗೊತ್ತಿ ಹಿಡಿಯುವುದು ಬಲದ ಹಿಡಿತವೆಂದೂ, ಸೂಜಿಯನ್ನು ಬೆರಳ ತುದಿಗಳಲ್ಲಿ ಹಿಡಿಯುವುದು ನಯದ ಹಿಡಿತವೆಂದೂ 1956ರಲ್ಲಿ ಅವರು ಬೇರ್ಪಡಿಸಿದರು. ಕಡೆತದ ಉಳಿಯಲ್ಲಿ ಎರಡೂ ಒಟ್ಟಿಗೆ ಬೇಕು: ಒಂದು ಕೈ ಕಾವನ್ನು ಬಲವಾಗಿ ಹಿಡಿದಿದ್ದರೆ ಇನ್ನೊಂದರ ಬೆರಳುಗಳು ಅಲಗಿನ ಬಳಿ ಅದನ್ನು ಕೂದಲೆಳೆಯಷ್ಟು ಆಚೀಚೆ ನಡೆಸುತ್ತವೆ. ವಿದ್ಯುತ್ ಲೇತು ಬಂದ ಮೇಲೆ ಮರದ ವೇಗ ಹೆಚ್ಚಿ, ಅದರ ನಡುಕ ಉಳಿಯ ಮೂಲಕ ಕೈಗೆ ನೇರವಾಗಿ ಇಳಿಯತೊಡಗಿದೆ. ಕಾವು ತೆಳುವಾಗಿದ್ದಷ್ಟೂ ಬೆರಳುಗಳು ಹೆಚ್ಚು ಬಿಗಿಯುತ್ತವೆ, ಬಿಗಿದಷ್ಟೂ ನಡುಕ ಮುಂಗೈಯೊಳಕ್ಕೆ ಹೆಚ್ಚು ಹೋಗುತ್ತದೆ. ಬಲದ ಹಿಡಿತಕ್ಕೆ ಸುಮಾರು 30ರಿಂದ 50 ಮಿಲಿಮೀಟರ್ ವ್ಯಾಸದ ಕಾವು ಒಳ್ಳೆಯದೆಂಬುದು ಕೆಲಸದ ಸಲಕರಣೆಗಳನ್ನು ಅಭ್ಯಸಿಸುವವರ ಸಾಮಾನ್ಯ ಸಲಹೆ. ಇಂದು ಚನ್ನಪಟ್ಟಣದ ಎಷ್ಟೋ ಘಟಕಗಳಲ್ಲಿ ಉಜ್ಜುವ, ಬಣ್ಣ ಹಚ್ಚುವ ಕೆಲಸದ ಜೊತೆಗೆ ಲೇತಿನ ಕೆಲಸವನ್ನೂ ಹೆಣ್ಣುಮಕ್ಕಳು ಮಾಡುತ್ತಿರುವುದರಿಂದ ಗಂಡಸರ ಕೈಗೆಂದು ಮಾಡಿದ ಉಳಿಯನ್ನೇ ಅವರ ಕೈಗೂ ಕೊಡುವುದು ಸರಿಯಲ್ಲ. ಇಡೀ ನಾಡಿನ ಮಕ್ಕಳ ಅಂಗೈಗೆ ಹೊಂದುವ ಗಿಲಕಿಯನ್ನು ಕಡೆಯಬಲ್ಲ ಲೇತಿನಲ್ಲಿಯೇ, ಆಲೆ ಮರಕ್ಕಿಂತ ಗಟ್ಟಿಯಾದ ಮರದ ತುಂಡೊಂದರಿಂದ, ಅವರ ಅಂಗೈಯ ಅಳತೆಗೆ ಉಳಿಯ ಕಾವನ್ನು ಕಡೆದುಕೊಳ್ಳಬಹುದು. ಅದಕ್ಕೆ ಬೇಕಾದ ಯಂತ್ರ, ಕೈಚಳಕ, ಅಳತೆಯ ತಿಳಿವಳಿಕೆ ಮೂರೂ ಆ ಘಟಕಗಳಲ್ಲಿಯೇ ಇವೆ.